ಎದೆಗೆ ಎಳೆದ ತಂತಿ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ಹುಟ್ಟಿದ ವಿದ್ಯುತ್ತು 1902ನೆಯ ಇಸವಿಯ ಜೂನ್ ತಿಂಗಳಲ್ಲಿ ಸುಮಾರು 147 ಕಿಲೊಮೀಟರು ದೂರ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದಾಗ, ಅದನ್ನು ಹೊತ್ತು ತಂದ ಮಾರ್ಗವು ಆ ಕಾಲದ ಜಗತ್ತಿನ ಅತಿ ದೀರ್ಘ ವಿದ್ಯುನ್ಮಾರ್ಗಗಳ ಪಂಕ್ತಿಗೆ ಸೇರಿತ್ತು. ಜಲಪಾತದ ವೈಭವವನ್ನು ನೋಡಿ ಜನ ಬೆರಗಾದರು. ವಿದ್ಯುದಾಗಾರವನ್ನು ಕಟ್ಟಿಸಿದ ಮೈಸೂರು ಸಂಸ್ಥಾನದ ದೂರದೃಷ್ಟಿಯನ್ನು ಚರಿತ್ರಕಾರರು ಕೊಂಡಾಡಿದರು. ಆದರೆ ಬಿಸಿಲು ಮಳೆ ಗಾಳಿಗಳಿಗೆ ಮೈಯೊಡ್ಡಿ ಬಯಲಿನಲ್ಲಿ ಸಾಗಿದ ಆ ತಂತಿಯು ಯಾವುದಾದರೊಂದು ಎಡೆಯಲ್ಲಿ ಕಡಿದುಹೋದರೆ ಇತ್ತ ನದಿಯ ಪ್ರತಾಪವೂ ಅತ್ತ ಗಣಿಯ ಯಂತ್ರಗಳೂ ಏಕಕಾಲದಲ್ಲಿ ನಿಷ್ಫಲವಾಗುವುವೆಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅಂತಹ ಮಾರ್ಗಗಳನ್ನು ಕಾಯುವ ಕೆಲಸಗಾರರು. ಶಕ್ತಿಯನ್ನು ಹುಟ್ಟಿಸುವ ಸ್ಥಾನಕ್ಕೂ ಅದನ್ನು ಬಳಸುವ ಸ್ಥಾನಕ್ಕೂ ನಡುವಣ ತಂತಿಯೇ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಕಠಿನ ಪರೀಕ್ಷೆಗೆ ಒಳಗಾಗುವ ಅಂಗವೆಂಬ ಈ ತತ್ತ್ವವು, ಅರ್ಧ ಮೀಟರಿಗಿಂತ ತುಸು ಹೆಚ್ಚು ಉದ್ದವಿರುವ ಮತ್ತೊಂದು ವಿದ್ಯುನ್ಮಾರ್ಗಕ್ಕೂ ಅಷ್ಟೇ ಸತ್ಯವಾಗಿ ಅನ್ವಯಿಸುತ್ತದೆ. ಆ ಮಾರ್ಗವಿರುವುದು ಮನುಷ್ಯನ ಎದೆಯೊಳಗೆ. ವೈದ್ಯರು ಅದನ್ನು ಪೇಸ್‌ಮೇಕರಿನ ಲೀಡ್ ಎನ್ನುತ್ತಾರೆ.

ಹೃದಯವು ತನ್ನ ಮಿಡಿತಕ್ಕೆ ಬೇಕಾದ ವಿದ್ಯುತ್ತನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಬಲ ಹೃತ್ಕರ್ಣದ ಮೇಲ್ಭಾಗದಲ್ಲಿ, ಊರ್ಧ್ವ ಮಹಾಭಿಧಮನಿಯು ಬಂದು ಸೇರುವ ಸ್ಥಳದ ಬಳಿ, ಒಂದು ಸಣ್ಣ ಕೋಶಸಮೂಹವಿದೆ. ಅಲ್ಲಿ ಹುಟ್ಟಿದ ಪ್ರಚೋದನೆಯು ಕರ್ಣಗಳಲ್ಲಿ ಹರಡಿ, ಕರ್ಣ ಮತ್ತು ಕುಕ್ಷಿಗಳ ನಡುವಣ ಗಂಟಿನಲ್ಲಿ ಕ್ಷಣಕಾಲ ತಡೆದು, ಅನಂತರ ವಿಶೇಷ ತಂತುಗಳ ಮೂಲಕ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಈ ಪಥದ ತಂತುಕಟ್ಟನ್ನು ವಿಲ್ಹೆಲ್ಮ್ ಹಿಸ್ 1893ರಲ್ಲಿಯೂ, ನಡುವಣ ಗಂಟನ್ನು ಜಪಾನಿನ ಸುನಾವೊ ತವಾರ 1906ರಲ್ಲಿಯೂ, ಮೂಲಸ್ಥಾನವನ್ನು ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ 1907ರಲ್ಲಿಯೂ ಗುರುತಿಸಿದರು. ವಯಸ್ಸಾದಂತೆ ಈ ಪಥದ ತಂತುಗಳು ನಾರುಗಟ್ಟುವುದುಂಟು. ಆಗ ಮೇಲಿನಿಂದ ಹೊರಟ ಅಪ್ಪಣೆಯು ಕೆಳಗಿನ ಕೋಣೆಗಳಿಗೆ ತಲುಪದೆ, ನಾಡಿಯು ನಿಮಿಷಕ್ಕೆ ಮೂವತ್ತು ನಲವತ್ತಕ್ಕೆ ಇಳಿದು, ಮನುಷ್ಯನು ಹೆಜ್ಜೆ ಹಾಕುತ್ತಿರುವಾಗಲೇ ಕಣ್ಣು ಕತ್ತಲೆಗಟ್ಟಿ ಬೀಳುತ್ತಾನೆ. ಗದ್ದೆಯ ಬದುವಿನ ಮೇಲೆ ಬಿದ್ದ ಹಿರಿಯರನ್ನು ಬಿಸಿಲಿನ ತಾಪವೆಂದೋ ಪಿತ್ತವೆಂದೋ ಬಗೆದು ನೀರು ಚಿಮುಕಿಸಿ ಮನೆಗೆ ಕರೆತಂದು ಸುಮ್ಮನಾದ ಪ್ರಸಂಗಗಳಲ್ಲಿ ಎಷ್ಟೋ ಸಲ ನಿಜವಾದ ಕಾರಣವು ಹೃದಯದ ವಿದ್ಯುತ್ಪಥದ ಈ ತಡೆಯೇ ಆಗಿರುತ್ತದೆ.

ಇಂತಹ ಹೃದಯಕ್ಕೆ ಹೊರಗಿನಿಂದ ಪ್ರಚೋದನೆ ಕೊಡುವ ಉಪಕರಣವೇ ಪೇಸ್‌ಮೇಕರ್. ಅದರಲ್ಲಿ ಎರಡು ಭಾಗಗಳಿವೆ: ಬ್ಯಾಟರಿ ಮತ್ತು ವಿದ್ಯುನ್ಮಂಡಲಗಳನ್ನು ಟೈಟೇನಿಯಮ್ ಕವಚದಲ್ಲಿ ಮುಚ್ಚಿಟ್ಟ ಚಪ್ಪಟೆಯಾದ ಡಬ್ಬಿಯೊಂದು, ಆ ಡಬ್ಬಿಯಿಂದ ಹೃದಯದ ಒಳಗೋಡೆಯವರೆಗೆ ಹೋಗುವ ಲೀಡು ಇನ್ನೊಂದು. ಡಬ್ಬಿಯು ಎದೆಯ ಚರ್ಮದ ಅಡಿಯಲ್ಲಿ ನಿಶ್ಚಲವಾಗಿ ಮಲಗಿರುತ್ತದೆ; ಅದರ ಬ್ಯಾಟರಿ ಎಂಟು ಹತ್ತು ವರ್ಷಗಳಲ್ಲಿ ಮುಗಿದರೆ ಚರ್ಮವನ್ನು ಮತ್ತೆ ಬಿಡಿಸಿ ಹೊಸದನ್ನು ಇಡಬಹುದು. ಲೀಡಿನ ಸ್ಥಿತಿ ಹಾಗಲ್ಲ. ಅದು ರಕ್ತದಲ್ಲಿ ಮುಳುಗಿ, ಕವಾಟವನ್ನು ದಾಟಿ, ಒಂದು ತುದಿಯಲ್ಲಿ ಎದೆಯ ಸ್ನಾಯುವಿಗೂ ಮತ್ತೊಂದು ತುದಿಯಲ್ಲಿ ಎಡೆಬಿಡದೆ ಕುಣಿಯುವ ಹೃದಯಕ್ಕೂ ಬಂಧಿತವಾಗಿ, ಡಬ್ಬಿಗಳು ಎರಡು ಮೂರು ಬದಲಾದರೂ ತಾನು ಅಲ್ಲಿಯೇ ಇರಬೇಕಾದ ವಸ್ತು. “ಬ್ಯಾಟರಿ ಹೊಸದು ಹಾಕ್ಸುದ್ರೆ ಆಯ್ತಲ್ವ, ಸ್ವಾಮಿ?” ಎಂದು ಕೇಳುವ ರೋಗಿಗೆ ವೈದ್ಯರು ಕೊಡಬೇಕಾದ ಉತ್ತರ ಒಂದೇ: ಡಬ್ಬಿಯ ಆಯುಸ್ಸು ತಯಾರಕರಿಗೆ ಮೊದಲೇ ತಿಳಿದ ಲೆಕ್ಕ; ತಂತಿಯ ಆಯುಸ್ಸಾದರೋ ತಯಾರಕರು, ಶಸ್ತ್ರವೈದ್ಯರು, ರೋಗಿ, ತಪಾಸಣೆ ಮಾಡುವವರು ಈ ನಾಲ್ವರೂ ಸೇರಿ ಕಾಪಾಡಬೇಕಾದ ಫಲ.

ಈ ವಿದ್ಯೆಯ ಚರಿತ್ರೆಯೇ ಅದನ್ನು ತೋರಿಸುತ್ತದೆ. 1958ರ ಅಕ್ಟೋಬರ್ 8ರಂದು ಸ್ವೀಡನ್ನಿನ ಕರೋಲಿನ್ಸ್ಕ ಸಂಸ್ಥೆಯಲ್ಲಿ, ರೂನೆ ಎಲ್ಮ್‌ಕ್ವಿಸ್ಟ್ ರಚಿಸಿದ ಉಪಕರಣವನ್ನು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅವರು ಆರ್ನೆ ಲಾರ್ಸನ್ ಎಂಬ 43 ವರ್ಷದ ರೋಗಿಯ ದೇಹದಲ್ಲಿರಿಸಿದರು. ಮನುಷ್ಯದೇಹದೊಳಗೆ ಸಂಪೂರ್ಣವಾಗಿ ಇರಿಸಿದ ಮೊದಲನೆಯ ಪೇಸ್‌ಮೇಕರ್ ಅದು. ಎದೆಯನ್ನು ಬಿಡಿಸಿ ವಿದ್ಯುದ್ವಾರಗಳನ್ನು ಹೃದಯದ ಹೊರಮೈಗೆ ಹೊಲಿಯಬೇಕಾಗಿದ್ದ ಆ ಕಾಲದಲ್ಲಿ ಉಪಕರಣವು ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು, ಮತ್ತೊಂದನ್ನು ಇಟ್ಟರು. ಮುಂದೆ ಲಾರ್ಸನ್ ಅವರು ಇಪ್ಪತ್ತಕ್ಕೂ ಹೆಚ್ಚು ಪೇಸ್‌ಮೇಕರುಗಳನ್ನು ಪಡೆದು, ತಮ್ಮನ್ನು ಬದುಕಿಸಿದ ಇಬ್ಬರಿಗಿಂತಲೂ ಹೆಚ್ಚು ಕಾಲ ಬಾಳಿ, 2001ರಲ್ಲಿ ತಮ್ಮ 86ನೆಯ ವಯಸ್ಸಿನಲ್ಲಿ ಹೃದಯಕ್ಕೆ ಸಂಬಂಧಪಡದ ಕಾಯಿಲೆಯಿಂದ ತೀರಿಕೊಂಡರು. ಅದೇ 1958ರಲ್ಲಿ ನ್ಯೂಯಾರ್ಕಿನ ಸೀಮೋರ್ ಫರ್ಮನ್ ಅವರು ಎದೆಯನ್ನು ಬಿಡಿಸದೆಯೇ, ಅಭಿಧಮನಿಯ ಒಳಗಿನಿಂದ ತಂತಿಯನ್ನು ಹೃದಯದವರೆಗೆ ನಡೆಸಿ ಪ್ರಚೋದನೆ ಕೊಡಬಹುದೆಂದು ತೋರಿಸಿದರು. ಶರೀರವು ತಾನೇ ಮಾಡಿಟ್ಟ ದಾರಿಯನ್ನು ಹಿಡಿದುದರಿಂದ ಶಸ್ತ್ರಕ್ರಿಯೆಯ ಘೋರತೆ ತಪ್ಪಿತು. ಆದರೆ ತಂತಿಯು ಹೃದಯದ ಒಳಗೆ, ಮಿಡಿತ ಮಿಡಿತಕ್ಕೂ ಬಾಗುತ್ತ ಬಾಳಬೇಕಾದ ಹೊಸ ಪರೀಕ್ಷೆಯು ಆರಂಭವಾಯಿತು.

ಆ ಪರೀಕ್ಷೆ ಎಷ್ಟು ದೊಡ್ಡದೆಂಬುದನ್ನು ಸ್ವಲ್ಪ ಲೆಕ್ಕಿಸಿ ನೋಡೋಣ. ನಿಮಿಷಕ್ಕೆ ಎಪ್ಪತ್ತೆರಡರಂತೆ ಮಿಡಿಯುವ ಹೃದಯವು ದಿನಕ್ಕೆ ಒಂದು ಲಕ್ಷಕ್ಕೂ ಮೀರಿ, ವರ್ಷಕ್ಕೆ ಮೂರೂಮುಕ್ಕಾಲು ಕೋಟಿ, ಹತ್ತು ವರ್ಷಗಳಲ್ಲಿ ಮೂವತ್ತೇಳು ಕೋಟಿಗೂ ಹೆಚ್ಚು ಸಲ ಮಿಡಿಯುತ್ತದೆ. ಪ್ರತಿಯೊಂದು ಮಿಡಿತಕ್ಕೂ ಲೀಡು ಬಾಗಿ ನೇರವಾಗುತ್ತದೆ. ಇದರ ಮೇಲೆ ಉಸಿರಾಟದ ಏರಿಳಿತವಿದೆ, ತೋಳು ಬೀಸಿದಾಗಿನ ಸೆಳೆತವಿದೆ. ನೇರವಾದ ಲೋಹದ ತಂತಿಯನ್ನು ಒಂದೇ ಸ್ಥಳದಲ್ಲಿ ಮತ್ತೆ ಮತ್ತೆ ಬಾಗಿಸಿದರೆ ಅದು ದಣಿದು ಮುರಿಯುವುದು ಲೋಹಗಳ ಸ್ವಭಾವ. ಮೊದಲ ವರ್ಷಗಳ ತಂತಿಗಳು ಹೀಗೆಯೇ ಮುರಿದವು. ತಂತಿಯನ್ನು ಸುರುಳಿಯಾಗಿ ಸುತ್ತುವುದು ಇದಕ್ಕೆ ಕಂಡುಕೊಂಡ ಪರಿಹಾರ. ಸುರುಳಿಯು ಬಾಗಿದಾಗ ಒತ್ತಡವು ಒಂದೇ ಬಿಂದುವಿನಲ್ಲಿ ನಿಲ್ಲದೆ ಅನೇಕ ಸುತ್ತುಗಳಲ್ಲಿ ಹಂಚಿಹೋಗುತ್ತದೆ. ಒಂದೇ ಎಳೆಗೆ ಬದಲಾಗಿ ಹಲವು ಎಳೆಗಳನ್ನು ಒಟ್ಟಿಗೆ ಸುತ್ತಿದರೆ ಒಂದು ಎಳೆ ಕಡಿದರೂ ಉಳಿದವು ವಿದ್ಯುತ್ತನ್ನು ಒಯ್ಯುತ್ತವೆ. ನಿಕ್ಕಲ್, ಕೋಬಾಲ್ಟ್, ಕ್ರೋಮಿಯಮ್ ಮತ್ತು ಮಾಲಿಬ್ಡಿನಮ್‌ಗಳನ್ನು ಬೆರಸಿ ಮಾಡಿದ, ತುಕ್ಕು ಹಿಡಿಯದ ಮಿಶ್ರಲೋಹವು ಈ ಕಾರ್ಯಕ್ಕೆ ಯೋಗ್ಯವೆಂದು ಸ್ಥಿರಪಟ್ಟಿದೆ. ಇಷ್ಟೆಲ್ಲವನ್ನೂ ಒಳಗೊಂಡ ಲೀಡಿನ ದಪ್ಪ ಸುಮಾರು ಎರಡು ಮಿಲಿಮೀಟರು. ಹೃತ್ಕುಕ್ಷಿಗೆ ಹೋಗುವ ಲೀಡಿನ ಉದ್ದ ಸಾಮಾನ್ಯವಾಗಿ 52ರಿಂದ 58 ಸೆಂಟಿಮೀಟರು.

ಲೋಹಕ್ಕಿಂತಲೂ ಹೆಚ್ಚು ಚಿಂತೆಗೆ ಕಾರಣವಾದುದು ಅದರ ಮೇಲಿನ ನಿರೋಧಕ ಕವಚ. ರಕ್ತವು ಉಪ್ಪಿನಂಶವುಳ್ಳ ದ್ರವ. ವಿದ್ಯುತ್ತು ಅದರೊಳಗೆ ಸುಲಭವಾಗಿ ಹರಿಯುತ್ತದೆ. ಆದುದರಿಂದ ಕವಚದಲ್ಲಿ ಒಂದು ಸಣ್ಣ ಬಿರುಕು ಬಿಟ್ಟರೂ ಹೃದಯದ ಗೋಡೆಗೆ ಸಲ್ಲಬೇಕಾದ ವಿದ್ಯುತ್ತು ದಾರಿಯಲ್ಲಿಯೇ ಸೋರಿಹೋಗುತ್ತದೆ. ಸಿಲಿಕೋನ್ ರಬ್ಬರು ದೇಹದೊಳಗೆ ದೀರ್ಘಕಾಲ ಕೆಡದೆ ಉಳಿಯುತ್ತದೆ. ಆದರೆ ಅದು ಮೃದು, ಉಜ್ಜಿದರೆ ಸವೆಯುತ್ತದೆ, ಶಸ್ತ್ರದ ಮೊನೆ ತಾಗಿದರೆ ಸೀಳುತ್ತದೆ. ಪಾಲಿಯುರೆಥೇನ್ ಗಟ್ಟಿ ಮತ್ತು ನುಣುಪು. ಅದರಿಂದ ಲೀಡನ್ನು ತೆಳುವಾಗಿಸಬಹುದೆಂಬ ಹರ್ಷದಲ್ಲಿ ಅದನ್ನು ಬಳಸಿದ ಕೆಲವು ಮಾದರಿಗಳು, 1980ರ ದಶಕದಲ್ಲಿ, ದೇಹದ ರಾಸಾಯನಿಕ ಕ್ರಿಯೆಯಿಂದಲೂ ಒಳಗಿನ ಲೋಹದ ಅಯಾನುಗಳ ಪ್ರಭಾವದಿಂದಲೂ ಬಿರುಕುಬಿಟ್ಟವು. ಪ್ರಯೋಗಶಾಲೆಯಲ್ಲಿ ಯಂತ್ರದಿಂದ ಕೋಟಿಗಟ್ಟಲೆ ಸಲ ಬಾಗಿಸಿ ನೋಡುವುದು ಸಾಧ್ಯ. ಜೀವಂತ ಶರೀರದ ಹತ್ತು ವರ್ಷಗಳನ್ನು ಹತ್ತು ತಿಂಗಳಲ್ಲಿ ಅನುಕರಿಸುವುದು ಸಾಧ್ಯವಿಲ್ಲ. ಯಾವುದೇ ಹೊಸ ಲೀಡಿನ ನಿಜವಾದ ಪರೀಕ್ಷೆ ಅದನ್ನು ಧರಿಸಿದವರ ಬಾಳಿನಲ್ಲಿಯೇ ನಡೆಯುತ್ತದೆಂಬ ಅರಿವು ಆಗ ಬಂದದ್ದು. ಮಾರಾಟವಾದ ಲೀಡುಗಳ ನಡವಳಿಕೆಯನ್ನು ವರ್ಷ ವರ್ಷ ಗಮನಿಸಿ ಪ್ರಕಟಿಸುವ ಪದ್ಧತಿಗೆ ಈ ಅರಿವೇ ಬಲ ಕೊಟ್ಟಿತು. ಒಳ್ಳೆಯ ವಿನ್ಯಾಸದ ಇಂದಿನ ಲೀಡುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹತ್ತು ವರ್ಷಗಳ ಅನಂತರವೂ ಸುಸ್ಥಿತಿಯಲ್ಲಿರುತ್ತವೆ.

ಲೀಡಿನ ತುದಿಯದೂ ಸೂಕ್ಷ್ಮವಾದ ವಿಷಯ. ತುದಿಯು ಹೃದಯಕ್ಕೆ ತಾಗಿದ ಸ್ಥಳದಲ್ಲಿ ಶರೀರವು ಅದನ್ನು ಪರವಸ್ತುವೆಂದು ಬಗೆದು ಉರಿಯೂತದಿಂದ ಉತ್ತರಿಸುತ್ತದೆ, ಕ್ರಮೇಣ ಸುತ್ತಲೂ ನಾರಿನ ಪೊರೆಯನ್ನು ಕಟ್ಟುತ್ತದೆ. ಪೊರೆ ದಪ್ಪವಾದಷ್ಟೂ ಪ್ರಚೋದನೆಗೆ ಹೆಚ್ಚು ವೋಲ್ಟು ಬೇಕಾಗಿ ಬ್ಯಾಟರಿ ಬೇಗ ಮುಗಿಯುತ್ತದೆ. 1980ರ ದಶಕದಲ್ಲಿ ಬಳಕೆಗೆ ಬಂದ ಒಂದು ಉಪಾಯವು ಇದನ್ನು ಬಹುಮಟ್ಟಿಗೆ ಪರಿಹರಿಸಿತು: ತುದಿಯಲ್ಲಿ ಡೆಕ್ಸಮೆಥಸೋನ್ ಎಂಬ ಸ್ಟೀರಾಯ್ಡ್ ಔಷಧಿಯ ಅತ್ಯಲ್ಪ ಪ್ರಮಾಣವನ್ನಿಟ್ಟು, ಅದು ನಿಧಾನವಾಗಿ ಒಸರಿ ಉರಿಯೂತವನ್ನು ತಣಿಸುವಂತೆ ಮಾಡಿದರು. ತುದಿಯು ಸ್ಥಳಬಿಟ್ಟು ಜಾರದಂತೆ ಹಿಡಿದಿಡಲು ಎರಡು ಕ್ರಮಗಳುಂಟು. ಒಂದರಲ್ಲಿ ಮೆತ್ತನೆಯ ಸಣ್ಣ ಮುಳ್ಳುಗಳು ಹೃತ್ಕುಕ್ಷಿಯ ಒಳಗೋಡೆಯ ಸ್ನಾಯುಜಾಲದಲ್ಲಿ ಸಿಕ್ಕಿಕೊಳ್ಳುತ್ತವೆ. ಇನ್ನೊಂದರಲ್ಲಿ ತುದಿಯಿಂದ ಹೊರಚಾಚುವ ಸ್ಕ್ರೂವನ್ನು ಗೋಡೆಯೊಳಗೆ ತಿರುಗಿಸುತ್ತಾರೆ.

ಇನ್ನು ಇರಿಸುವ ವಿಧಾನಕ್ಕೆ ಬರೋಣ. ಮಂಡ್ಯ, ಮದ್ದೂರು, ಮಳವಳ್ಳಿಗಳ ರೋಗಿಗಳು ಈ ಚಿಕಿತ್ಸೆಗಾಗಿ ಮೈಸೂರು ಬೆಂಗಳೂರುಗಳ ಹೃದ್ರೋಗ ಆಸ್ಪತ್ರೆಗಳಿಗೆ, ಅದರಲ್ಲಿಯೂ ಜಯದೇವ ಹೃದ್ರೋಗ ಸಂಸ್ಥೆಯಂತಹ ಸಾರ್ವಜನಿಕ ಸಂಸ್ಥೆಗಳಿಗೆ ಹೋಗುವುದು ವಾಡಿಕೆ. ರೋಗಿಗೆ ಸಂಪೂರ್ಣ ಪ್ರಜ್ಞೆ ತಪ್ಪಿಸುವುದಿಲ್ಲ. ಕೊರಳೆಲುಬಿನ ಕೆಳಗೆ, ಬಲಗೈಯಲ್ಲಿ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಎಡಭಾಗದಲ್ಲಿ, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು ನಾಲ್ಕೈದು ಸೆಂಟಿಮೀಟರಿನಷ್ಟು ಕೊಯ್ಯುತ್ತಾರೆ. ಸೋಂಕು ತಗುಲದಂತೆ ಕೊಯ್ಯುವುದಕ್ಕೆ ಮುಂಚೆಯೇ ಜೀವಿರೋಧಕ ಔಷಧಿ ರಕ್ತಕ್ಕೆ ಸೇರಿರಬೇಕು. ಆಮೇಲೆ ಬರುವ ನಿರ್ಧಾರವು ಲೀಡಿನ ಮುಂದಿನ ಎಷ್ಟೋ ವರ್ಷಗಳ ಭವಿಷ್ಯವನ್ನು ನಿರ್ಣಯಿಸತಕ್ಕದ್ದು: ಯಾವ ದ್ವಾರದಿಂದ ಅಭಿಧಮನಿಯನ್ನು ಪ್ರವೇಶಿಸುವುದು?

ಕೊರಳೆಲುಬಿನ ಅಡಿಯ ಸಬ್‌ಕ್ಲೇವಿಯನ್ ಅಭಿಧಮನಿಗೆ ಸೂಜಿ ಚುಚ್ಚಿ, ಅದರೊಳಗಿನಿಂದ ಮಾರ್ಗದರ್ಶಕ ತಂತಿಯನ್ನು ಬಿಟ್ಟು, ಅದರ ಮೇಲೆ ಸೀಳಿ ತೆಗೆಯಬಹುದಾದ ಕೊಳವೆಯನ್ನು ನೂಕಿ ಲೀಡನ್ನು ಒಳಹೊಗಿಸುವುದು ಶೀಘ್ರವಾದ ಕ್ರಮ. ಆದರೆ ಸೂಜಿಯನ್ನು ತೀರ ಒಳಬದಿಯಲ್ಲಿ, ಎದೆಯ ನಡುವಿನ ಕಡೆಗೆ, ಚುಚ್ಚಿದರೆ ಲೀಡು ಕೊರಳೆಲುಬಿಗೂ ಮೊದಲನೆಯ ಪಕ್ಕೆಲುಬಿಗೂ ನಡುವಣ ಇಕ್ಕಟ್ಟಿನಲ್ಲಿ, ಬಿಗಿಯಾದ ಸ್ನಾಯುವನ್ನೂ ಅಸ್ಥಿಬಂಧವನ್ನೂ ತೂರಿಕೊಂಡು ಹೋಗಬೇಕಾಗುತ್ತದೆ. ತೋಳು ಆಡಿದಷ್ಟು ಸಲವೂ ಎರಡು ಎಲುಬುಗಳು ಅದನ್ನು ಅರೆಯುತ್ತವೆ. ಕವಚ ಸೀಳುವುದೂ ಸುರುಳಿ ಮುರಿಯುವುದೂ ಬಹಳ ಸಲ ಈ ಸ್ಥಾನದಲ್ಲಿಯೇ. ಇದನ್ನು ಕಂಡುಕೊಂಡ ಮೇಲೆ ಅನುಭವಸ್ಥರು ಎರಡು ಬೇರೆ ದಾರಿಗಳನ್ನು ಮೇಲೆಂದು ಬಗೆಯತೊಡಗಿದರು. ಭುಜದ ಮತ್ತು ಎದೆಯ ಸ್ನಾಯುಗಳ ಸಂದಿನಲ್ಲಿ ಸಾಗುವ ಸೆಫಾಲಿಕ್ ಅಭಿಧಮನಿಯನ್ನು ಬಿಡಿಸಿ, ಕಣ್ಣಾರೆ ಕಂಡು, ಅದರೊಳಗೆ ಲೀಡನ್ನು ಇಳಿಸುವುದು ಒಂದು; ಪಕ್ಕೆಲುಬುಗಳ ಗೂಡಿನ ಹೊರಗೆ, ಕಂಕುಳಿನ ಕಡೆಯ ಆಕ್ಸಿಲರಿ ಅಭಿಧಮನಿಯನ್ನು ಕ್ಷ-ಕಿರಣ ಅಥವಾ ಅಲ್ಟ್ರಾಸೌಂಡಿನ ನೆರವಿನಿಂದ ಚುಚ್ಚುವುದು ಇನ್ನೊಂದು. ಸೆಫಾಲಿಕ್ ಕೆಲವರಲ್ಲಿ ತೀರ ಸಣ್ಣದಾಗಿರುತ್ತದೆ, ಹುಡುಕಲು ಸಮಯ ಹಿಡಿಯುತ್ತದೆ. ಆದರೂ ಶ್ವಾಸಕೋಶಕ್ಕೆ ಸೂಜಿ ತಗುಲಿ ಗಾಳಿ ಸೋರುವ ಅಪಾಯವು ಆ ದಾರಿಯಲ್ಲಿ ಬಹುಮಟ್ಟಿಗೆ ಇಲ್ಲ, ಎಲುಬುಗಳ ಇಕ್ಕಟ್ಟೂ ಇಲ್ಲ. ಅಂದು ಹತ್ತು ನಿಮಿಷ ಹೆಚ್ಚು ವ್ಯಯಿಸಿದ ವೈದ್ಯನ ತಾಳ್ಮೆಯು ರೋಗಿಗೆ ವರ್ಷಗಳ ನೆಮ್ಮದಿಯಾಗಿ ಪರಿಣಮಿಸುತ್ತದೆ.

ಲೀಡಿನೊಳಗೆ ಗಡುಸಾದ ಸಣ್ಣ ಸಲಾಕೆಯೊಂದನ್ನು ತೂರಿಸಿ, ಕ್ಷ-ಕಿರಣದ ತೆರೆಯ ಮೇಲೆ ನೋಡುತ್ತ, ಊರ್ಧ್ವ ಮಹಾಭಿಧಮನಿಯಿಂದ ಬಲ ಹೃತ್ಕರ್ಣಕ್ಕೆ, ಅಲ್ಲಿಂದ ತ್ರಿದಳ ಕವಾಟದ ಮೂಲಕ ಬಲ ಹೃತ್ಕುಕ್ಷಿಗೆ ಅದನ್ನು ನಡೆಸುತ್ತಾರೆ. ಕರ್ಣಕ್ಕೂ ಒಂದು ಲೀಡು ಬೇಕಾದಲ್ಲಿ ಅದರ ತುದಿಯನ್ನು ಕೊಕ್ಕೆಯಂತೆ ಮೇಲಕ್ಕೆ ಬಾಗಿಸಿ ನಿಲ್ಲಿಸುತ್ತಾರೆ. ಬಳಿಕ ಅಳತೆಗಳು. ಪ್ರಚೋದನೆಗೆ ಬೇಕಾದ ಕನಿಷ್ಠ ವೋಲ್ಟು ಒಂದಕ್ಕಿಂತ ಕಡಮೆಯಿರುವುದು ಅಪೇಕ್ಷಣೀಯ. ಹೃತ್ಕುಕ್ಷಿಯ ಸ್ವಂತ ಮಿಡಿತದ ಸಂಕೇತವು ಐದು ಮಿಲಿವೋಲ್ಟಿಗಿಂತ ಹೆಚ್ಚಿರಬೇಕು. ವಿದ್ಯುತ್ ರೋಧವು ಆ ಮಾದರಿಗೆ ಹೇಳಿದ ಮಿತಿಯೊಳಗೆ, ಸಾಮಾನ್ಯವಾಗಿ ಕೆಲವು ನೂರು ಓಮ್‌ಗಳಲ್ಲಿ, ಇರಬೇಕು. ಹತ್ತು ವೋಲ್ಟಿನ ಪ್ರಚೋದನೆ ಕೊಟ್ಟು ವಪೆಯು ಸೆಳೆಯುವುದಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ದೀರ್ಘವಾಗಿ ಉಸಿರೆಳೆಯಲು, ಕೆಮ್ಮಲು ರೋಗಿಗೆ ಹೇಳಿ ತುದಿಯು ಕದಲುವುದೇ ಎಂದು ನೋಡುತ್ತಾರೆ. ಲೀಡು ಬಿಗಿಯಾಗಿದ್ದರೆ ಎದ್ದು ನಿಂತಾಗ ತುದಿ ಕಿತ್ತುಬರಬಹುದು, ತೀರ ಸಡಿಲವಾಗಿದ್ದರೆ ಕವಾಟದಲ್ಲಿ ಸುತ್ತಿಕೊಳ್ಳಬಹುದು. ಇವೆರಡರ ನಡುವಣ ಹದವನ್ನು ಕಾಣುವುದು ಅಭ್ಯಾಸದಿಂದ ಮಾತ್ರ ಬರುವ ವಿದ್ಯೆ.

ಕಡೆಯ ಕೆಲಸ ಲೀಡನ್ನು ಎದೆಯ ಸ್ನಾಯುವಿಗೆ ಕಟ್ಟುವುದು. ಅದು ಚಿಕ್ಕದಾಗಿ ತೋರಿದರೂ ಮೇಲಿನ ಎಲ್ಲದರಷ್ಟೇ ಘನವಾದುದು. ದಾರವನ್ನು ಲೀಡಿನ ಮೇಲೆಯೇ ನೇರವಾಗಿ ಬಿಗಿದರೆ ಅದು ಕವಚವನ್ನು ಕೊಯ್ದು ಒಳಗಿನ ಸುರುಳಿಯನ್ನು ಹಿಸುಕುತ್ತದೆ. ಆದುದರಿಂದ ಲೀಡಿನ ಮೇಲೆ ಜಾರುವ ರಬ್ಬರಿನ ತೋಳೊಂದನ್ನು ಸರಿಯಾದ ಸ್ಥಳಕ್ಕೆ ತಂದು, ಕರಗದ ದಾರದಿಂದ ಆ ತೋಳನ್ನೇ ಕಟ್ಟಬೇಕು. ಮಿಕ್ಕ ಉದ್ದವನ್ನು ಚೂಪಾದ ತಿರುವುಗಳಿಲ್ಲದಂತೆ ದುಂಡಗೆ ಸುತ್ತಿ ಡಬ್ಬಿಯ ಹಿಂದೆ ಇರಿಸಬೇಕು. ಮುಂದೆ ಬಂದರೆ ಡಬ್ಬಿ ಬದಲಾಯಿಸುವ ದಿನ ಶಸ್ತ್ರದ ಅಲಗು ಮೊದಲು ತಾಗುವುದು ಅದಕ್ಕೇ.

ಹೀಗೆ ಇರಿಸಿದ ಲೀಡು ಕೆಡುವಾಗ ಅನೇಕ ಸಲ ಮುನ್ಸೂಚನೆ ಕೊಡುತ್ತದೆ. ಸುರುಳಿ ಮುರಿಯತೊಡಗಿದರೆ ರೋಧವು ಏರುತ್ತದೆ. ಕವಚ ಬಿರಿದರೆ ಅದು ಇಳಿಯುತ್ತದೆ. ಮುರಿದ ತುದಿಗಳು ಒಂದನ್ನೊಂದು ತಾಗಿ ಬಿಡುವಾಗ ಹುಟ್ಟುವ ಸುಳ್ಳು ಸಂಕೇತಗಳನ್ನು ಪೇಸ್‌ಮೇಕರ್ ಹೃದಯದ ಸ್ವಂತ ಮಿಡಿತವೆಂದು ಭ್ರಮಿಸಿ ಪ್ರಚೋದನೆಯನ್ನು ನಿಲ್ಲಿಸಿಬಿಡಬಹುದು. ಸಂಪೂರ್ಣವಾಗಿ ಉಪಕರಣವನ್ನೇ ನೆಚ್ಚಿದ ರೋಗಿಯು ಆಗ ತಲೆಸುತ್ತಿ ಬೀಳುತ್ತಾನೆ. ರೋಧದ ಈ ಏರಿಳಿತವು ಎಷ್ಟೋ ವೇಳೆ ರೋಗಿಗೆ ಏನೂ ತಿಳಿಯುವುದಕ್ಕೆ ಮುಂಚೆಯೇ ಉಪಕರಣದ ಸ್ಮೃತಿಯಲ್ಲಿ ದಾಖಲಾಗಿರುತ್ತದೆ. ಎದೆಯ ಮೇಲೆ ಪ್ರೋಗ್ರಾಮರ್ ಯಂತ್ರದ ಸಾಧನವನ್ನಿಟ್ಟು ಆ ದಾಖಲೆಯನ್ನು ಓದುವುದಕ್ಕೆ ನೋವಿಲ್ಲ, ಕೊಯ್ತವಿಲ್ಲ, ಹೆಚ್ಚು ಸಮಯವೂ ಬೇಡ.

ಕೆಟ್ಟ ಲೀಡನ್ನು ಕಿತ್ತೊಗೆಯಬಾರದೇಕೆ ಎಂದು ಓದುಗರು ಕೇಳಬಹುದು. ವರ್ಷಗಳು ಕಳೆದಂತೆ ಶರೀರವು ಲೀಡನ್ನು ನಾರಿನಿಂದ ಅಭಿಧಮನಿಯ ಗೋಡೆಗೂ ಕವಾಟಕ್ಕೂ ಬೆಸೆದುಬಿಡುತ್ತದೆ. ಅದನ್ನು ಲೇಸರ್ ಕೊಳವೆ ಮುಂತಾದ ಸಾಧನಗಳಿಂದ ಬಿಡಿಸುವಾಗ ರಕ್ತನಾಳ ಹರಿದರೆ ಪ್ರಾಣಕ್ಕೇ ಅಪಾಯ. 1994ರಲ್ಲಿ ಟೆಲೆಕ್ಟ್ರಾನಿಕ್ಸ್ ಕಂಪನಿಯ ಅಕ್ಯುಫಿಕ್ಸ್ ಎಂಬ ಕರ್ಣದ ಲೀಡಿನಲ್ಲಿ, ಕೊಕ್ಕೆಯಾಕಾರವನ್ನು ಕಾಪಾಡಲು ಇಟ್ಟಿದ್ದ ಒಳತಂತಿ ಮುರಿದು ಕವಚವನ್ನು ಭೇದಿಸಿ ಹೊರಚಾಚಿ ಹೃದಯವನ್ನು ಗಾಯಗೊಳಿಸಬಲ್ಲುದೆಂದು ತಿಳಿದಾಗ, ಜಗತ್ತಿನ ಅನೇಕ ಕಡೆ ವೈದ್ಯರು ಅವುಗಳನ್ನು ಮುನ್ನೆಚ್ಚರಿಕೆಯಿಂದ ತೆಗೆಯತೊಡಗಿದರು. ಅನಂತರದ ಅಧ್ಯಯನವು ಕಲಿಸಿದ ಪಾಠ ಕಠೋರವಾದುದು: ಮುರಿದ ತಂತಿಯಿಂದ ಆದ ಹಾನಿಗಿಂತ ಅದನ್ನು ತೆಗೆಯುವ ಯತ್ನದಿಂದ ಆದ ಹಾನಿಯೇ ಮಿಗಿಲಾಗಿತ್ತು. ಅಂದಿನಿಂದ, ಲೀಡು ಸೋಂಕಿಗೆ ಗುರಿಯಾಗಿದ್ದರೆ ಇಡೀ ವ್ಯವಸ್ಥೆಯನ್ನು ತೆಗೆಯಲೇಬೇಕು, ಸೋಂಕಿಲ್ಲದಿದ್ದರೆ ಪ್ರತಿಯೊಬ್ಬ ರೋಗಿಯ ವಯಸ್ಸು, ಅವಲಂಬನೆ, ಲೀಡಿನ ಪ್ರಾಯ ಇವನ್ನು ತೂಗಿ ನಿರ್ಧರಿಸಬೇಕು ಎಂಬ ವಿವೇಕವು ನೆಲೆಗೊಂಡಿದೆ.

ನಮ್ಮ ಸೀಮೆಯ ಬದುಕಿಗೆ ಈ ವಿಚಾರವನ್ನು ಹೊಂದಿಸಿ ಹೇಳುವುದಾದರೆ, ಲೀಡು ಹಾಕಿಸಿಕೊಂಡ ಮೊದಲ ನಾಲ್ಕಾರು ವಾರ ಆ ಕಡೆಯ ತೋಳನ್ನು ಭುಜದ ಮಟ್ಟಕ್ಕಿಂತ ಮೇಲೆತ್ತಬಾರದು, ಭಾರ ಎಳೆಯಬಾರದು. ಹಾಗೆಂದು ತೋಳನ್ನು ಕಟ್ಟಿಹಾಕಿ ಕೂರಲೂಬಾರದು, ಕೀಲು ಬಿಗಿಯುತ್ತದೆ. ಆಮೇಲೆ ಉಳುವುದಕ್ಕೆ, ಹಿಪ್ಪುನೇರಳೆ ಸೊಪ್ಪು ಬಿಡಿಸುವುದಕ್ಕೆ, ಸಾಧಾರಣ ಗದ್ದೆಗೆಲಸಕ್ಕೆ ವೈದ್ಯರ ಅನುಮತಿಯಂತೆ ಮರಳಬಹುದು. ಆದರೆ ಕಬ್ಬಿನ ಹೊರೆಯನ್ನೋ ಗೊಬ್ಬರದ ಮೂಟೆಯನ್ನೋ ಡಬ್ಬಿಯಿರುವ ಹೆಗಲಿನ ಮೇಲೆ ಹೊರುವುದು, ಆ ಕೈಯಿಂದ ದಿನವಿಡೀ ಮಚ್ಚು ಬೀಸಿ ಕಬ್ಬು ಕಡಿಯುವುದು, ಲೀಡನ್ನು ಅದರ ದುರ್ಬಲ ಸ್ಥಾನದಲ್ಲಿಯೇ ದಂಡಿಸಿದಂತೆ. ಪಂಪ್‌ಸೆಟ್ಟಿನ ಮೋಟಾರನ್ನಾಗಲಿ ಆಲೆಮನೆಯ ಗಾಣದ ಮೋಟಾರನ್ನಾಗಲಿ ಚಾಲೂ ಮಾಡಲು ಹೆದರಬೇಕಾಗಿಲ್ಲ. ಓಡುತ್ತಿರುವ ಮೋಟಾರಿನ ಮೇಲೆ ಎದೆಯೊಡ್ಡಿ ಬಗ್ಗದೆ ಒಂದು ತೋಳಿನ ಅಂತರದಲ್ಲಿದ್ದರೆ ಸಾಕು. ವೆಲ್ಡಿಂಗ್ ಕೆಲಸವನ್ನು ಮಾತ್ರ ವೈದ್ಯರನ್ನು ಕೇಳದೆ ಮಾಡಲಾಗದು. ಚರ್ಮದಡಿಯ ಡಬ್ಬಿಯನ್ನು ಬೆರಳಿನಿಂದ ಹೊರಳಿಸುವ ಅಭ್ಯಾಸವಿದ್ದರೆ ಅದನ್ನು ಬಿಡತಕ್ಕದ್ದು. ಡಬ್ಬಿ ತಿರುಗಿದಂತೆಲ್ಲ ಲೀಡು ಅದಕ್ಕೆ ಸುತ್ತಿಕೊಂಡು ಹೃದಯದಿಂದ ಕಳಚಿಬಂದ ಉದಾಹರಣೆಗಳನ್ನು 1968ರಿಂದಲೇ ವೈದ್ಯಸಾಹಿತ್ಯವು ವರ್ಣಿಸಿದೆ.

ಲೀಡಿನ ತೊಡಕುಗಳಿಂದ ಪಾರಾಗಲು ಲೀಡೇ ಇಲ್ಲದ ಪೇಸ್‌ಮೇಕರನ್ನೂ ವಿಜ್ಞಾನವು ನಿರ್ಮಿಸಿದೆ. ಸುಮಾರು ಎರಡು ಗ್ರಾಮು ತೂಗುವ ಮೈಕ್ರಾ ಎಂಬ ಉಪಕರಣವನ್ನು ತೊಡೆಯ ಅಭಿಧಮನಿಯಿಂದ ಒಯ್ದು ಹೃತ್ಕುಕ್ಷಿಯೊಳಗೇ ನೆಡುತ್ತಾರೆ; 2016ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ಆದರೆ ಅದರ ಬೆಲೆ ಅಧಿಕ, ಎಲ್ಲ ರೋಗಿಗಳಿಗೂ ಅದು ಒಪ್ಪುವುದಿಲ್ಲ. ಮತ್ತೊಂದು ದಿಕ್ಕಿನಲ್ಲಿ, ಲೀಡಿನ ತುದಿಯನ್ನು ಹೃದಯದ ಸಹಜ ವಿದ್ಯುತ್ಪಥದಲ್ಲಿಯೇ ನೆಟ್ಟು ಎರಡು ಹೃತ್ಕುಕ್ಷಿಗಳೂ ಸ್ವಾಭಾವಿಕ ಕ್ರಮದಲ್ಲಿ ಮಿಡಿಯುವಂತೆ ಮಾಡುವ ವಿಧಾನವು ಈಚಿನ ವರ್ಷಗಳಲ್ಲಿ ಬೆಳೆದಿದೆ. ಅಂತೂ ಇನ್ನೂ ಬಹುಕಾಲ ನಮ್ಮ ಬಹುಪಾಲು ರೋಗಿಗಳ ಬಾಳು ಈ ಎರಡು ಮಿಲಿಮೀಟರಿನ ತಂತಿಯನ್ನೇ ಅವಲಂಬಿಸಿರುತ್ತದೆ.

ಆದಕಾರಣ ಶಸ್ತ್ರಕ್ರಿಯೆಯಷ್ಟೇ ಗೌರವವು ಅನಂತರದ ತಪಾಸಣೆಗೂ ಸಲ್ಲಬೇಕೆಂಬುದು ಈ ಅಧ್ಯಾಯದ ನಿಶ್ಚಿತ ಅಭಿಪ್ರಾಯ. “ಚೆನ್ನಾಗೇ ಇವ್ನಿ, ಬಸ್ ಚಾರ್ಜು ಕೊಟ್ಕೊಂಡು ಮೈಸೂರ್ಗ್ಯಾಕೆ ಹೋಗ್ಬೇಕು?” ಎನ್ನುವ ಹಿರಿಯರ ಮಾತಿನಲ್ಲಿ ಉದಾಸೀನಕ್ಕಿಂತ ಹೆಚ್ಚಾಗಿ ಒಂದು ದಿನದ ಕೂಲಿಯ ಲೆಕ್ಕವಿದೆ, ಜೊತೆಗೆ ಬರಬೇಕಾದ ಮಗನ ಕೆಲಸದ ಲೆಕ್ಕವಿದೆ, ಅದನ್ನು ಗದರಿಸಿ ಗೆಲ್ಲಲಾಗದು. ಒಂದೊಂದು ಕಂಪನಿಯ ಪೇಸ್‌ಮೇಕರನ್ನು ಓದಲು ಆಯಾ ಕಂಪನಿಯ ಪ್ರೋಗ್ರಾಮರ್ ಯಂತ್ರವೇ ಬೇಕಾಗುವುದರಿಂದ, ಗೊತ್ತಾದ ದಿನಗಳಲ್ಲಿ ಆ ಯಂತ್ರಗಳೂ ಅವುಗಳನ್ನು ಬಲ್ಲ ತಂತ್ರಜ್ಞರೂ ಮಂಡ್ಯದ ಜಿಲ್ಲಾ ಆಸ್ಪತ್ರೆಗೆ, ಮದ್ದೂರು ಮಳವಳ್ಳಿಗಳ ತಾಲ್ಲೂಕು ಆಸ್ಪತ್ರೆಗಳಿಗೆ ಬರುವಂತಾದರೆ, ಉಳಿದ ಯಾವ ವೆಚ್ಚಕ್ಕಿಂತಲೂ ಅದು ಹೆಚ್ಚು ಜೀವಗಳಿಗೆ ಭದ್ರತೆ ಕೊಟ್ಟೀತು. ಅಲ್ಲಿಯವರೆಗೆ ಪ್ರತಿಯೊಬ್ಬ ರೋಗಿಯ ಮನೆಯವರೂ ಮೂರು ಕೆಲಸಗಳನ್ನು ತಪ್ಪದೆ ಮಾಡಲಿ: ಡಬ್ಬಿಯ ಮತ್ತು ಲೀಡಿನ ಮಾದರಿಯನ್ನು ಬರೆದ ಕಾರ್ಡನ್ನು ಪಡಿತರ ಚೀಟಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಲಿ, ವೈದ್ಯರು ಹೇಳಿದ ತಪಾಸಣೆಯ ದಿನವನ್ನು ಮೈಯಲ್ಲಿ ಸುಖವಿದ್ದಾಗಲೂ ಮೀರದಿರಲಿ, ಪೇಸ್‌ಮೇಕರ್ ಇದ್ದೂ ಮತ್ತೆ ಕಣ್ಣು ಕತ್ತಲೆಗ​ಟ್ಟಿದರೆ, ಡಬ್ಬಿಯ ಮೇಲಿನ ಚರ್ಮ ಕೆಂಪಗಾಗಿ ಬಾತರೆ, ಬಿಡದ ಜ್ವರ ಬಂದರೆ, ಅಂದೇ ಆಸ್ಪತ್ರೆಗೆ ಹೊರಡಲಿ. ಲೀಡಿನ ವಿಶ್ವಾಸಾರ್ಹತೆಯನ್ನು ಕಾರ್ಖಾನೆಯು ಆರಂಭಿಸಿಕೊಡುತ್ತದೆ. ಅದನ್ನು ಕಡೆಯವರೆಗೆ ನಡೆಸುವುದು ಇಂತಹ ಸಣ್ಣ ನಿಷ್ಠೆಗಳೇ.